ಒಂದೇ ಡಿಸ್ಕಿಗೆ ಪಾರ್ಟಿಷನ್ನಾ, ಎರಡು ಡಿಸ್ಕಾ?

ಪ್ರಶ್ನೆ: ದಾವಣಗೆರೆ ಪಿ.ಬಿ. ರೋಡಲ್ಲಿ ಫೋಟೊ ಸ್ಟುಡಿಯೊ. 2 ಟಿಬಿ ಹಾರ್ಡ್ ಡಿಸ್ಕನ್ನೇ ಸಿ, ಡಿ ಅಂತ ಎರಡು ಭಾಗ (ಪಾರ್ಟಿಷನ್) ಮಾಡಲಾ, ಬೇರೆ ಬೇರೆ ಡಿಸ್ಕ್ ಹಾಕಲಾ?

ಉತ್ತರ: ಬೇರೆ ಹಾಕಿ ಸರ್. ಡಿಸ್ಕ್ ಸತ್ತರೆ ಸಿ, ಡಿ ಎರಡೂ ಹೋಗ್ತವೆ. ಎರಡಕ್ಕೂ ಡೇಟಾ ಓದೋ ಹೆಡ್ಡೂ ಅವೇ, ಸಿಯಿಂದ ಡಿಗೆ ಕಾಪಿ ಹಾಕಿದ್ರೆ ಆಚೆ ಈಚೆ ಓಡಾಡಿ ಸುಸ್ತಾಗುತ್ತೆ. 500 ಜಿಬಿ ಎಸ್‌ಎಸ್‌ಡಿಗೆ (ತಿರುಗೋ ಭಾಗ ಇಲ್ಲದ ಚಿಪ್ ಡಿಸ್ಕ್) ವಿಂಡೋಸ್, 2 ಟಿಬಿಗೆ ಫೋಟೊ. ವಿಂಡೋಸ್ ಹಾಕುವಾಗ ಫೋಟೊ ಡಿಸ್ಕಿನ ಸಾಟಾ ಕೇಬಲ್ (ಡಿಸ್ಕನ್ನ ಪಿಸಿಗೆ ಜೋಡಿಸೋ ವೈರು) ಕಿತ್ತಿಡಿ. ಇಲ್ಲಾಂದ್ರೆ ಬೂಟ್ ಪಾರ್ಟಿಷನ್ (ವಿಂಡೋಸ್ ಶುರುವಾಗೋಕೆ ಬೇಕಾದ ಭಾಗ) ಅದರಲ್ಲಿ ಕೂತುಬಿಡಬಹುದು. ಮುಂದೆ ಆ ಡಿಸ್ಕ್ ತೆಗೆದ ದಿನ ಪಿಸಿ ಏಳೋದೇ ಇಲ್ಲ.

ಉತ್ತರ: ಪಾರ್ಟಿಷನ್ ಪೂರ್ತಿ ದಂಡ ಅಲ್ಲಪ್ಪ, ವಿಂಡೋಸ್ ಕೆಟ್ರೆ ಸಿ ಅಷ್ಟೇ ಫಾರ್ಮ್ಯಾಟ್. ಆದ್ರೆ ಸಿಗೆ ಜಾಗ ಕೊಡೋದ್ರಲ್ಲಿ ಜಿಪುಣತನ ಬೇಡ, ಆಮೇಲೆ ದೊಡ್ಡದು ಮಾಡೋದು ಕಷ್ಟ. ಡಿ ಕುಗ್ಗಿಸಿದ್ರೆ ಖಾಲಿ ಜಾಗ ಅದರ ಕೊನೆಗೆ ಬರುತ್ತೆ, ವಿಂಡೋಸಿನದೇ ಟೂಲ್ ಡಿಸ್ಕ್ ಮ್ಯಾನೇಜ್‌ಮೆಂಟ್ ಅದನ್ನ ಸಿಗೆ ಸೇರಿಸಲ್ಲ.

ಉತ್ತರ: ಎರಡು ಡಿಸ್ಕ್ ಇದ್ರೂ ಬ್ಯಾಕಪ್ ಅಲ್ಲ. ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಡಬ್ಬಿ) ಸುಟ್ಟರೆ ಎರಡನ್ನೂ ಎಳ್ಕೊಂಡು ಹೋಗಬಹುದು. ಮದುವೆ ಫೋಟೊ ಯುಎಸ್‌ಬಿ ಡಿಸ್ಕಿಗೂ ಹಾಕಿ, ಕಿತ್ತು ಮನೇಲಿಡಿ.