ಚಿಂತಾಮಣಿ ಕಡೆಯ ಕೆರೆ ಶಾಸನ: ಆನ್‌ಲೈನಲ್ಲಿ ಎಲ್ಲಿ ಹುಡುಕಬೇಕು?

ನೀರುಗಂಟಿ ಮೊಮ್ಮಗಳು, ಚಿಂತಾಮಣಿ

ಎಲ್ಲರಿಗೂ ನಮಸ್ಕಾರ. ನಾನು ಎಂ.ಎ. ಇತಿಹಾಸ ಎರಡನೇ ವರ್ಷದಲ್ಲಿದ್ದೇನೆ. ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ ನಮ್ಮೂರು. ಕಿರುಪ್ರಬಂಧಕ್ಕೆ ನಮ್ಮೂರ ಕೆರೆಯನ್ನೇ ತಗೊಂಡಿದ್ದೇನೆ.

ಕೆರೆ ಕಟ್ಟೆ ಮೇಲೆ, ತೂಬಿನ ಪಕ್ಕ ಒಂದು ಕಲ್ಲು ನಿಂತಿದೆ. ನನ್ನ ಎದೆಮಟ್ಟ ಬರುತ್ತದೆ. ಮೇಲೆ ಸೂರ್ಯ, ಚಂದ್ರ. ಅದರ ಕೆಳಗೆ ಅಕ್ಷರಗಳು. ಬುಡ ಮಣ್ಣಲ್ಲಿ ಹೂತಿದೆ. ಹಬ್ಬಕ್ಕೊಮ್ಮೆ ಸುಣ್ಣ ಬಳಿದು ಕುಂಕುಮ ಇಡುತ್ತಾರೆ, ಹಾಗಾಗಿ ಅಕ್ಷರ ಸರಿಯಾಗಿ ಕಾಣುವುದಿಲ್ಲ. ನಮ್ಮ ತಾತ ನೀರುಗಂಟಿ ಆಗಿದ್ದವರು, ಅಂದರೆ ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವ ಕೆಲಸದವರು. 2021ರ ನವೆಂಬರ್ ಮಳೆಗೆ ಕೆರೆ ಕೋಡಿ ಹರಿಯಿತು. ಅವತ್ತು ತಾತ ಗಂಗಮ್ಮನಿಗೆ ಪೂಜೆ ಮಾಡುವ ಮೊದಲೇ ಆ ಕಲ್ಲಿಗೆ ಕಾಯಿ ಒಡೆದರು. ಯಾಕೆ ತಾತ ಅಂದರೆ, 'ನಮ್ಮಪ್ಪ ಹಿಂಗೇ ಮಾಡ್ತಿದ್ದ' ಅಂದರು. ಅದರ ಮೇಲೆ ಏನು ಬರೆದಿದೆ ಅಂತ ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅದನ್ನು ತಿಳಿದುಕೊಳ್ಳಬೇಕು ಅಂತಲೇ ಈ ವಿಷಯ ಹಿಡಿದಿದ್ದು.

ಎರಡು ವಾರದಿಂದ ಫೋನಿನಲ್ಲಿ ಹುಡುಕುತ್ತಿದ್ದೇನೆ. 'ಚಿಕ್ಕಬಳ್ಳಾಪುರ ಜಿಲ್ಲೆ ಶಾಸನಗಳು' ಅಂತ ಹಾಕಿದರೆ ಬರೀ ನಂದಿ ಬೆಟ್ಟದ ಪ್ರವಾಸದ ಪುಟಗಳು. ಕೊನೆಗೆ ಒಂದು ಎಐ ಆ್ಯಪನ್ನು ಕೇಳಿದೆ. ಅದು ಶಾಸನದ ಸಂಖ್ಯೆ, ಇಸವಿ, ರಾಜನ ಹೆಸರು ಎಲ್ಲ ಹೇಳಿತು. ಖುಷಿಯಿಂದ ಬರೆದುಕೊಂಡು ಹೋದೆ. ನಮ್ಮ ಗೈಡ್ ಮೇಡಂ ಪುಸ್ತಕ ತೆಗೆದು ನೋಡಿದರು. ಅಂಥ ಸಂಖ್ಯೆಯೇ ಇಲ್ಲ. 'ಮೂಲ ತೋರಿಸಮ್ಮ, ಆಮೇಲೆ ಬರಿ' ಅಂದರು. ಬೈಯಲಿಲ್ಲ, ಆದರೆ ನನಗೆ ಅಳು ಬಂತು.

ಬೆಂಗಳೂರು, ಮೈಸೂರು ಲೈಬ್ರರಿಗೆ ಸದ್ಯಕ್ಕೆ ಹೋಗಲಾಗದು. ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗುವ ಹೊತ್ತು, ಎಲ್ಲರ ಕೈಯೂ ಬೇಕು. ಫೋನಿನಲ್ಲೇ ಓದಬಹುದಾದ, ಮೇಡಂ ಒಪ್ಪುವಂಥ ಮೂಲಗಳು ಎಲ್ಲಿವೆ? ದಯವಿಟ್ಟು ಹೇಳಿ.

ಲೈಬ್ರರಿ ಮೇಷ್ಟ್ರು, ಕೋಲಾರ

ನೋಡಮ್ಮ, ಮೊದಲು ಅಳು ಬಿಡು. ನೀನು ಹುಡುಕಿದ್ದು ಜಾಸ್ತಿಯೇ, ಆದರೆ ಹೆಸರು ಬೇರೆ ಆಯಿತು. ಮೂವತ್ತು ವರ್ಷ ಕಾಲೇಜು ಗ್ರಂಥಾಲಯದಲ್ಲಿದ್ದೆ. ಮಕ್ಕಳು ಬರಿಗೈಲಿ ವಾಪಸ್ ಹೋಗುತ್ತಿದ್ದದ್ದು ಹೆಚ್ಚಾಗಿ ಇದೇ ಕಾರಣಕ್ಕೆ. ಪುಸ್ತಕ ಇರುತ್ತಿತ್ತು, ಅದರ ಕಾಲದ ಹೆಸರು ಅವರಿಗೆ ಗೊತ್ತಿರುತ್ತಿರಲಿಲ್ಲ.

ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ. ಅಲ್ಲಿಯವರೆಗೆ ಚಿಂತಾಮಣಿ ನಮ್ಮ ಕೋಲಾರ ಜಿಲ್ಲೆಯದು. ನಿನಗೆ ಬೇಕಾದ ಪುಸ್ತಕ 'ಎಪಿಗ್ರಾಫಿಯಾ ಕರ್ನಾಟಿಕಾ', ಜಿಲ್ಲೆವಾರು ಶಾಸನಗಳ ಸಂಗ್ರಹ ಅದು. 10ನೇ ಸಂಪುಟ, ಕೋಲಾರ ಜಿಲ್ಲೆ. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಮಾಡಿದ್ದು, 1905ರಲ್ಲಿ ಅಚ್ಚಾಗಿದ್ದು. ಹಕ್ಕುಸ್ವಾಮ್ಯ ಎಂದೋ ಮುಗಿದಿದೆ, ಇಂಟರ್ನೆಟ್ ಆರ್ಕೈವ್ ಅನ್ನುವ ಜಾಲತಾಣದಲ್ಲಿ ಪೂರ್ತಿ ಪುಸ್ತಕ ಬಿಟ್ಟಿಯಾಗಿ ಓದಬಹುದು. ತುಮಕೂರಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮದು 12ನೇ ಸಂಪುಟ.

ಇಡೀ ಪುಸ್ತಕ ಡೌನ್‌ಲೋಡ್ ಮಾಡಬೇಡ, ದಿನದ ಡೇಟಾ ಅದಕ್ಕೇ ಹೋಗುತ್ತದೆ. ಅಲ್ಲೇ ತೆರೆದು ಪುಟ ತಿರುಗಿಸು. ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟಿದ್ದಾರೆ, ಪ್ರತಿ ತಾಲ್ಲೂಕಿಗೂ ಒಂದರಿಂದ ಶುರು. ಆದ್ದರಿಂದ ಬರೀ '25ನೇ ಶಾಸನ' ಅಂತ ಬರೆದರೆ ಅರ್ಥವಿಲ್ಲ, 'ಚಿಂತಾಮಣಿ 25' ಅನ್ನಬೇಕು. ಒಂದೇ ಶಾಸನದ ಮೂಲಪಾಠ ಒಂದು ಕಡೆ ಇರುತ್ತದೆ, ಇಂಗ್ಲಿಷ್ ಅನುವಾದ ಇನ್ನೊಂದು ಕಡೆ. ಎರಡನ್ನೂ ಜೋಡಿಸಿಕೊಂಡು ಓದು. ಪ್ರತಿ ಶಾಸನದ ತಲೆಯಲ್ಲಿ ಊರು, ಹೋಬಳಿ, ಕಲ್ಲು ಎಲ್ಲಿತ್ತು ಅನ್ನುವುದು ಇದೆ. ಹುಡುಕುವ ಪೆಟ್ಟಿಗೆಯನ್ನೇ ನಂಬಿ ಕೂರಬೇಡ. ಆ ಪುಸ್ತಕದ ಇಂಗ್ಲಿಷ್ ಅಕ್ಷರಗಳ ಮೇಲೆ ಕೆಳಗೆ ಚುಕ್ಕಿ, ಗೆರೆ ಇವೆ. ಮಷೀನು ಅವನ್ನು ತಪ್ಪು ಓದಿರುತ್ತದೆ. ನಿನ್ನ ತಾಲ್ಲೂಕಿನ ಭಾಗವನ್ನು ಮೊದಲಿಂದ ಕೊನೆಯವರೆಗೆ ಕಣ್ಣಲ್ಲೇ ನೋಡು. ಎರಡು ಸಂಜೆಯ ಕೆಲಸ.

ಹಳೆಯ ಹೆಸರುಗಳನ್ನು ಒಂದು ಪುಟದಲ್ಲಿ ಬರೆದಿಟ್ಟುಕೋ. ಬಂಗಾರಪೇಟೆ ಆಗ ಬೌರಿಂಗ್‌ಪೇಟೆ, ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರಿನದು. ಬೇತಮಂಗಲ ಶಾಸನದಲ್ಲಿ ವಿಜಯಾದಿತ್ಯಮಂಗಲ. ಕೋಲಾರ ಕುವಳಾಲ. ಗಂಗರು ತಮ್ಮನ್ನು 'ಕುವಳಾಲಪುರವರೇಶ್ವರ, ನಂದಗಿರಿನಾಥ' ಅಂತ ಕರೆದುಕೊಂಡರಲ್ಲ, ಆ ನಂದಗಿರಿ ನಿಮ್ಮ ನಂದಿ ಬೆಟ್ಟವೇ. ರೈಸರ ಹಳೆಯ ಗೆಜೆಟಿಯರಿನಲ್ಲಿ ನಿಮ್ಮ ತಾಲ್ಲೂಕು ಅಂಬಾಜಿದುರ್ಗ ಅನ್ನುವ ಹೆಸರಲ್ಲಿದೆ. 1800ರಲ್ಲಿ ಈ ಕಡೆ ಸುತ್ತಿದ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಬುಕಾನನ್ ಪುಸ್ತಕವೂ ಆರ್ಕೈವ್‌ನಲ್ಲಿದೆ, ಮೂರು ಸಂಪುಟ, 1807ರದು. ಅಲ್ಲಿ ಕೋಲಾರವನ್ನು ಇಂಗ್ಲಿಷಿನ 'ಕೆ' ಬದಲು 'ಸಿ' ಹಾಕಿ ಹುಡುಕು.

ಕೆರೆಯ ವಿಷಯವಾದ್ದರಿಂದ ಎರಡು ಮಾತು ಗಮನದಲ್ಲಿರಲಿ: ಬಿತ್ತುವಟ್ಟ ಮತ್ತು ಕಟ್ಟುಕೊಡಗೆ. ಕೆರೆ ಕಟ್ಟಿಸಿದವರಿಗೆ, ರಿಪೇರಿ ಮಾಡಿಸಿದವರಿಗೆ ಬಿಟ್ಟ ಜಮೀನು, ಪಾಲು ಇವು. ಅನುವಾದದಲ್ಲಿ ಈ ಮಾತು ಬಂದರೆ ಅದು ಕೆರೆ ಶಾಸನ ಅಂತ ತಿಳಿ. ನಿಮ್ಮ ತಾತನ ನೀರುಗಂಟಿ ಇನಾಮನ್ನೂ, ಅಂದರೆ ಆ ಕೆಲಸಕ್ಕೆ ಬಿಟ್ಟ ಜಮೀನನ್ನೂ, ಅದರ ಪಕ್ಕ ಇಟ್ಟು ನೋಡು. ನಿನ್ನ ಪ್ರಬಂಧದ ಜೀವ ಅಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ಸಂಶೋಧನಾ ವಿದ್ಯಾರ್ಥಿ, ತುಮಕೂರು

ಮೇಷ್ಟ್ರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ.

ತಂಗಿ, 'ಶೋಧಗಂಗಾ' ನೋಡು. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಸೇರುವ ಜಾಲತಾಣ ಅದು. ಲಾಗಿನ್ ಬೇಡ, ದುಡ್ಡು ಬೇಡ. ಅಧ್ಯಾಯ ಅಧ್ಯಾಯವಾಗಿ ಪಿಡಿಎಫ್ ಇರುವುದರಿಂದ ಬೇಕಾದ್ದನ್ನು ಮಾತ್ರ ಇಳಿಸಿಕೊಳ್ಳಬಹುದು. ಮೊದಲು ಕೊನೆಯ ಕಡೆ ಇರುವ ಗ್ರಂಥಋಣದ ಪಿಡಿಎಫ್ ತೆರೆ, ಅಂದರೆ ಅವರು ಓದಿದ ಪುಸ್ತಕಗಳ ಪಟ್ಟಿ. ಕೋಲಾರದ ಕೆರೆಗಳ ಮೇಲೆ ಯಾರಾದರೂ ನಾಲ್ಕು ವರ್ಷ ಒದ್ದಾಡಿದ್ದರೆ, ಆ ನಾಲ್ಕು ವರ್ಷದ ಓದು ನಿನಗೆ ಎಂಟು ಪುಟದಲ್ಲಿ ಸಿಗುತ್ತದೆ. ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲೂ ಹುಡುಕು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲೂ ಹುಡುಕು. ಎಷ್ಟೋ ಕನ್ನಡ ಪ್ರಬಂಧಗಳನ್ನು ಹಾಗೆಯೇ ಏರಿಸಿದ್ದಾರೆ.

ಇನ್ನೊಂದು ವಿಷಯ ನನಗೆ ಯಾರೂ ಹೇಳಿಕೊಡಲಿಲ್ಲ, ಆರು ತಿಂಗಳು ಹಾಳಾಯಿತು. ಕನ್ನಡದ ಹಳೆಯ ಪಿಡಿಎಫ್‌ಗಳು ಬಹಳಷ್ಟು 'ನುಡಿ', 'ಬರಹ' ಅನ್ನುವ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿವೆ, ಈಗ ಎಲ್ಲ ಕಡೆ ಬಳಸುವ ಯೂನಿಕೋಡ್‌ನಲ್ಲಿ ಇಲ್ಲ. ಕಣ್ಣಿಗೆ ಕನ್ನಡವೇ ಕಾಣುತ್ತದೆ, ಆದರೆ ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರಗಳ ರಾಶಿ. 'ಕೆರೆ' ಅಂತ ಹುಡುಕಿದರೆ ಸಿಗುವುದೇ ಇಲ್ಲ. ಹುಡುಕಾಟದಲ್ಲಿ ಬರಲಿಲ್ಲ ಅಂದರೆ ಪುಸ್ತಕ ಇಲ್ಲ ಅಂತಲ್ಲ. ಅಂಥ ಪಠ್ಯವನ್ನು ಯೂನಿಕೋಡ್ ಮಾಡುವ ಪರಿವರ್ತಕಗಳು ಬಿಟ್ಟಿಯಾಗಿ ಸಿಗುತ್ತವೆ.

ಹಳೆಗನ್ನಡ ಪದಕ್ಕೆ ಸಿಐಐಎಲ್ (ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ) ಅವರ 'ಭಾರತವಾಣಿ' ಜಾಲತಾಣದ ನಿಘಂಟುಗಳನ್ನು ನೋಡು. ಇವತ್ತಿನ ಪದಕ್ಕಾದರೆ ವಿ. ಕೃಷ್ಣ ಅವರ ಆನ್‌ಲೈನ್ ನಿಘಂಟು 'ಅಲರ್' ಚೆನ್ನಾಗಿದೆ. ನಿನ್ನದು ಸರ್ಕಾರಿ ಕಾಲೇಜೋ ವಿಶ್ವವಿದ್ಯಾಲಯವೋ ಆಗಿದ್ದರೆ 'ಒಂದು ದೇಶ ಒಂದು ಚಂದಾ' ಅನ್ನುವ ಕೇಂದ್ರ ಸರ್ಕಾರದ ಯೋಜನೆ ಬಗ್ಗೆ ಲೈಬ್ರರಿಯಲ್ಲಿ ಕೇಳು. 2025ರ ಜನವರಿಯಿಂದ ಜಾರಿಯಲ್ಲಿದೆ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಅದರಲ್ಲಿ ಬರುತ್ತವೆ. ಕೇಳುವುದಕ್ಕೆ ಸಂಕೋಚ ಬೇಡ, ಅದು ನಮ್ಮ ಹಕ್ಕು.

ನೀರುಗಂಟಿ ಮೊಮ್ಮಗಳು, ಚಿಂತಾಮಣಿ

ಸರ್, ಅಣ್ಣ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಮೇಲೆ ಮೂರು ರಾತ್ರಿ ಕೂತು ಚಿಂತಾಮಣಿ ಭಾಗ ಪೂರ್ತಿ ನೋಡಿದೆ. ನಮ್ಮ ಪಕ್ಕದ ಊರಿನ ಕಲ್ಲು ಇದೆ! ಚಿಕ್ಕವಳಿದ್ದಾಗ ಆ ಕಲ್ಲಿನ ಮೇಲೆ ಕೂತು ಬಸ್ಸಿಗೆ ಕಾಯುತ್ತಿದ್ದೆ. ಅದು 1905ರ ಪುಸ್ತಕದಲ್ಲಿದೆ ಅಂದರೆ ಮೈ ಜುಂ ಅಂತು. ಆದರೆ ನಮ್ಮ ಕೆರೆಯ ಕಲ್ಲು ಮಾತ್ರ ಸಿಗಲಿಲ್ಲ. ಊರಿನ ಹೆಸರೇ ಇಲ್ಲ. ಈಗ ವಿಷಯ ಬದಲಾಯಿಸಬೇಕಾ?

ಲೈಬ್ರರಿ ಮೇಷ್ಟ್ರು, ಕೋಲಾರ

ಯಾಕಮ್ಮ ಬದಲಾಯಿಸಬೇಕು? ರೈಸರ ಜನ ಎಲ್ಲ ಕಲ್ಲನ್ನೂ ನೋಡಿರಲಿಲ್ಲ. ಆಮೇಲೆ ಸಿಕ್ಕವನ್ನು ಸೇರಿಸಿ 17ನೇ ಸಂಪುಟ ಮಾಡಿದ್ದಾರೆ, ಅದು ಕೋಲಾರ ಜಿಲ್ಲೆಯ ಪೂರಕ ಸಂಪುಟ. ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳಿವೆ, ಆರ್. ನರಸಿಂಹಾಚಾರ್, ಎಂ.ಎಚ್. ಕೃಷ್ಣ ಅವರ ಕಾಲದವು. ಅವನ್ನೂ ನೋಡು. ಅಲ್ಲೂ ಇಲ್ಲದಿದ್ದರೆ ಇದುವರೆಗೆ ಯಾರೂ ಓದದ ಕಲ್ಲು ನಿನ್ನ ಕೈಲಿರಬಹುದು.

ಅಲ್ಲಿಯವರೆಗೆ ಒಳ್ಳೆಯ ಫೋಟೊ ತೆಗೆದಿಡು. ಸೀಮೆಸುಣ್ಣ ತಿಕ್ಕಬೇಡ, ಆ್ಯಸಿಡ್ ಅಂತೂ ಬೇಡವೇ ಬೇಡ, ಮೊಳೆಯಿಂದ ಕೆರೆಯಬೇಡ. ಕತ್ತಲಾದ ಮೇಲೆ ಹೋಗು. ಒಬ್ಬರು ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಹತ್ತಿರ, ಪಕ್ಕದಿಂದ ಹಿಡಿಯಲಿ. ನೇರ ಬೆಳಕಿಗೆ ಕಾಣದ ಅಕ್ಷರ ಓರೆ ಬೆಳಕಿಗೆ ಎದ್ದು ಬರುತ್ತದೆ. ಟಾರ್ಚನ್ನು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಮೇಲಿಂದ ಒಮ್ಮೆ ಹಿಡಿಸಿ ಮೂರು ಫೋಟೊ ತೆಗಿ. ಪಕ್ಕದಲ್ಲಿ ಅಡಿಕೋಲು ಇಡು. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಅನ್ನುವ ಇತಿಹಾಸ ಸಂಶೋಧನಾ ಸಂಸ್ಥೆಯವರು ಕಲ್ಲುಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡುತ್ತಿದ್ದಾರೆ. ಅವರ ಚಿತ್ರಗಳನ್ನು ನೋಡಿದರೆ ಅಕ್ಷರದ ರೂಪ ಕಣ್ಣಿಗೆ ಪಳಗುತ್ತದೆ.

ನೀರುಗಂಟಿ ಮೊಮ್ಮಗಳು, ಚಿಂತಾಮಣಿ

ನಿನ್ನೆ ರಾತ್ರಿ ಹೋಗಿದ್ದೆವು ಸರ್. ತಾತನೇ ಟಾರ್ಚ್ ಹಿಡಿದರು, ತಮ್ಮ ಅಡಿಕೋಲು. ಪಕ್ಕದಿಂದ ಬೆಳಕು ಬಿದ್ದ ಕೂಡಲೇ ಸುಣ್ಣದ ಕೆಳಗಿಂದ ಸಾಲು ಸಾಲಾಗಿ ಎದ್ದು ಬಂತು. ಒಟ್ಟು ಹನ್ನೊಂದು ಸಾಲು ಎಣಿಸಿದೆ, ಮಣ್ಣೊಳಗೆ ಇನ್ನೂ ಇದೆ. ಮೊದಲ ಪದ 'ಸ್ವಸ್ತಿ' ಅಂತ ಓದಲು ಬಂತು. ಐದನೇ ಸಾಲಿನಲ್ಲಿ 'ಕೆ' ಅಕ್ಷರ ಇದೆ, ಅದರ ಪಕ್ಕದ್ದು ಯಾವುದು ಅಂತ ಗೊತ್ತಾಗುತ್ತಿಲ್ಲ. ನಮ್ಮ ವರ್ಣಮಾಲೆಯಲ್ಲಿ ಅಂಥದ್ದು ನೋಡಿಲ್ಲ. ಫೋಟೊ ಹಾಕಿದ್ದೇನೆ, ನೋಡಿ ಹೇಳ್ತೀರಾ?

ಸಂಶೋಧನಾ ವಿದ್ಯಾರ್ಥಿ, ತುಮಕೂರು

ಅದು 'ಱ' ತಂಗಿ. ಹಳೆಗನ್ನಡದ ಇನ್ನೊಂದು ರಕಾರ, ಈಗ ಬಳಕೆಯಲ್ಲಿಲ್ಲ. 'ಕೆಱೆ' ಅಂತ ಬರೆದಿದೆ. ಫೋನಿನಲ್ಲಿ ಹುಡುಕುವಾಗಲೂ ಆ ಅಕ್ಷರ ಹಾಕಿ ಒಮ್ಮೆ ನೋಡು.

ನೀರುಗಂಟಿ ಮೊಮ್ಮಗಳು, ಚಿಂತಾಮಣಿ

ತಾತನಿಗೆ ಓದಿ ಹೇಳಿದೆ ಅಣ್ಣ. ಇನ್ನೊಮ್ಮೆ ಓದು ಅಂದರು. 17ನೇ ಸಂಪುಟ ಇವತ್ತು ರಾತ್ರಿ ಶುರು ಮಾಡುತ್ತೇನೆ.