ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಾದ ಪ್ಯಾಕೇಜು ಲ್ಯಾಬಿನ ಕಂಪ್ಯೂಟರಿಗೆ ಇಳಿದಿದೆ: ಅಳಿಸಿದರೆ ಸಾಕೇ?

ಬಾಗಲಕೋಟೆಯ ಲ್ಯಾಬ್ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಪೈಥಾನ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಕಳೆದ ಗುರುವಾರ ಐದನೇ ಸೆಮಿಸ್ಟರಿನ ವಿದ್ಯಾರ್ಥಿಯೊಬ್ಬ ಜಾಲತಾಣಗಳಿಂದ ಮಾಹಿತಿ ತರಿಸುವ ಒಂದು ಲೈಬ್ರರಿಯನ್ನು (ಸಿದ್ಧ ಕೋಡಿನ ಪ್ಯಾಕೇಜು), ಇಂಥವನ್ನು ಇಂಟರ್ನೆಟ್ಟಿನ ಭಂಡಾರದಿಂದ ತಂದುಕೊಡುವ ಪಿಪ್ ಮೂಲಕ ಇನ್‌ಸ್ಟಾಲ್ ಮಾಡಿದ. ಆ ಹೊತ್ತಿಗೆ ಪರದೆಯ ಮೇಲೆ ಕಪ್ಪು ಕಿಟಕಿಯೊಂದು ಕ್ಷಣಮಾತ್ರ ತೆರೆದು ಮುಚ್ಚಿತೆಂದು ಪಕ್ಕದಲ್ಲಿ ಕುಳಿತಿದ್ದ ಹುಡುಗಿ ಹೇಳಿದ್ದರಿಂದ ನಾನು ಹೋಗಿ ನೋಡಿದೆ. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಿತ್ತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಕುತೂಹಲಕ್ಕೆ ಟೈಪ್ ಮಾಡಿ ನೋಡುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ವಿಚಿತ್ರವೆಂದರೆ ಅವನ ಪ್ರೋಗ್ರಾಂ ಯಾವ ತಕರಾರೂ ಇಲ್ಲದೆ ಓಡಿತು. ಕೂಡಲೇ ಪಿಪ್ ಅನ್‌ಇನ್‌ಸ್ಟಾಲ್ ಕೊಟ್ಟು, ಸರಿಯಾದ ಹೆಸರಿನ ಲೈಬ್ರರಿಯನ್ನು ಹಾಕಿಸಿದ್ದೇನೆ. ಲ್ಯಾಬಿನ ಪ್ರಯೋಗಗಳ ಹಾಳೆಯಲ್ಲಿ ಇದ್ದದ್ದನ್ನೇ ಟೈಪ್ ಮಾಡಿದೆ ಎಂದು ವಿದ್ಯಾರ್ಥಿ ಪಟ್ಟು ಹಿಡಿದಿದ್ದಾನೆ, ನಾನು ನಂಬಿಲ್ಲ. ಲ್ಯಾಬಿನ ಮೂವತ್ತು ಕಂಪ್ಯೂಟರ್‌ಗಳಿಗೂ ಒಂದೇ ಲಾಗಿನ್ ಇದೆ. ಆ ಕಂಪ್ಯೂಟರಿನಲ್ಲಿ ಹಳೆಯ ಪ್ರಾಜೆಕ್ಟ್ ಒಂದರ ಡೇಟಾಬೇಸ್ ಪಾಸ್‌ವರ್ಡ್ ಕೂಡ ಒಂದು ಕಡತದಲ್ಲಿ ಉಳಿದಿತ್ತು. ಪ್ಯಾಕೇಜನ್ನು ಅಳಿಸಿದ ಮೇಲೆ ಇನ್ನೇನಾದರೂ ಮಾಡಬೇಕೇ? ಇಂಥ ಹೆಸರುಗಳು ಭಂಡಾರದೊಳಗೆ ಬರುವುದಾದರೂ ಹೇಗೆ?

ಟಿಳಕವಾಡಿಯ ಡೆವಲಪರ್, ಬೆಳಗಾವಿ

ಸರ್, ಅಳಿಸಿದರೆ ಸಾಲದು. ಪಿಪ್ ತಾನು ತಂದಿಟ್ಟ ಕಡತಗಳನ್ನಷ್ಟೇ ತೆಗೆಯುತ್ತದೆ. ಆ ಪ್ಯಾಕೇಜಿನ ಕೋಡ್ ತಾನಾಗಿ ಬೇರೆಡೆ ಏನು ಬರೆದಿಟ್ಟಿದೆ, ಏನನ್ನು ಹೊರಗೆ ಕಳಿಸಿದೆ ಎಂಬುದು ಪಿಪ್‌ಗೆ ಗೊತ್ತಿರುವುದಿಲ್ಲ.

ಪೈಥಾನ್ ಪ್ಯಾಕೇಜುಗಳು ಎರಡು ರೂಪದಲ್ಲಿ ಬರುತ್ತವೆ. ವೀಲ್ ಎಂಬುದು ಸಿದ್ಧ ಕಟ್ಟು. ಪಿಪ್ ಅದನ್ನು ಬಿಚ್ಚಿ ಜಾಗಕ್ಕೆ ಇಡುತ್ತದೆ, ಒಳಗಿನ ಕೋಡ್ ಸಾಮಾನ್ಯವಾಗಿ ಓಡುವುದು ಪ್ರೋಗ್ರಾಂ ಅದನ್ನು ಇಂಪೋರ್ಟ್ ಮಾಡಿದಾಗ, ಅಂದರೆ ಬಳಕೆಗೆ ಕರೆದಾಗ. ಇನ್ನೊಂದು ಸೋರ್ಸ್ ರೂಪದ ಕಟ್ಟು. ಅದರಲ್ಲಿ ಸೆಟಪ್ ಡಾಟ್ ಪಿವೈ ಎಂಬ ಕಡತವಿದ್ದರೆ ಇನ್‌ಸ್ಟಾಲ್ ಮಾಡುವಾಗಲೇ, ಟೈಪ್ ಮಾಡಿದವನಿಗೆ ಇರುವಷ್ಟೇ ಅಧಿಕಾರದೊಂದಿಗೆ, ಅದು ಓಡುತ್ತದೆ. ಆ ಹುಡುಗಿ ಕಂಡ ಕಪ್ಪು ಕಿಟಕಿ ಇದೇ ಇರಬಹುದು.

ಪ್ರೋಗ್ರಾಂ ಸರಿಯಾಗಿ ಓಡಿದ್ದು ವಿಚಿತ್ರವೇನಲ್ಲ, ನಕಲಿಯ ಜಾಣತನವೇ ಅದು. ಎನ್‌ಪಿಎಂ ಎಂಬ ಜಾವಾಸ್ಕ್ರಿಪ್ಟ್ ಭಂಡಾರದಲ್ಲಿ ‘ಕ್ರಾಸ್-ಎನ್ವ್’ ಎಂಬ ಜನಪ್ರಿಯ ಪ್ಯಾಕೇಜಿದೆ. ನಡುವಿನ ಅಡ್ಡಗೆರೆಯನ್ನು ಕಿತ್ತು ‘ಕ್ರಾಸ್‌ಎನ್ವ್’ ಎಂಬ ನಕಲಿಯನ್ನು 2017ರಲ್ಲಿ ಯಾರೋ ಹಾಕಿದರು. ಅದು ಅಸಲಿಯನ್ನೂ ಜೊತೆಗೆ ಕರೆತರುತ್ತಿದ್ದುದರಿಂದ ಬಳಕೆದಾರರ ಕೆಲಸ ನಿಲ್ಲುತ್ತಿರಲಿಲ್ಲ. ಹಿಂದಿನಿಂದ, ಪ್ರೋಗ್ರಾಂಗಳ ಬಳಕೆಗೆಂದು ಕಂಪ್ಯೂಟರ್ ನೆನಪಿಟ್ಟುಕೊಳ್ಳುವ ಎನ್ವಿರಾನ್ಮೆಂಟ್ ವೇರಿಯಬಲ್‌ಗಳಲ್ಲಿದ್ದ ಕೀಲಿಗಳು ಹೊರಗೆ ಹೋಗುತ್ತಿದ್ದವು.

ಆದ್ದರಿಂದ ಆ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ ಕಿತ್ತಿಡಿ. ಡೇಟಾಬೇಸ್ ಪಾಸ್‌ವರ್ಡ್, ಎಸ್‌ಎಸ್‌ಎಚ್ ಕೀಲಿ (ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಕಡತ), ವಿದ್ಯಾರ್ಥಿಗಳ ಗಿಟ್‌ಹಬ್ ಟೋಕನ್ (ಕೋಡ್ ಇಡುವ ಆ ತಾಣಕ್ಕೆ ಪಾಸ್‌ವರ್ಡಿನಂಥದ್ದು) ಎಲ್ಲವೂ ಹೋದವೆಂದೇ ತಿಳಿದು, ಬೇರೊಂದು ಸ್ವಚ್ಛ ಕಂಪ್ಯೂಟರಿನಿಂದ ಬದಲಾಯಿಸಿ. ಅದೇ ಕಂಪ್ಯೂಟರಿನಲ್ಲಿ ಕುಳಿತು ಬದಲಾಯಿಸಿದರೆ ಹೊಸದನ್ನೂ ಕಳ್ಳನ ಕೈಗೇ ಕೊಟ್ಟಂತೆ. ಬ್ರೌಸರಿನಲ್ಲಿ ತೆರೆದಿಟ್ಟಿದ್ದ ಖಾತೆಗಳಿಂದ ಎಲ್ಲೆಡೆ ಲಾಗೌಟ್ ಆಗಿ. ಆಮೇಲೆ ಡಿಸ್ಕ್ ಫಾರ್ಮ್ಯಾಟ್ ಮಾಡಿ ವ್ಯವಸ್ಥೆಯನ್ನು ಹೊಸದಾಗಿ ಹಾಕಿ. ಮನೆ ತುಂಬ ಹುಡುಕಿ ಒಂದೊಂದೇ ಕಡತ ಹೆಕ್ಕುತ್ತ ಕೂರುವುದಕ್ಕಿಂತ ಅದು ಅಗ್ಗ. ಪ್ಯಾಕೇಜಿನೊಳಗೆ ಏನಿತ್ತೆಂದು ನೋಡುವ ಆಸಕ್ತಿಯಿದ್ದರೆ ಪಿಪ್ ಡೌನ್‌ಲೋಡ್ ಕೊಟ್ಟು, ಇನ್‌ಸ್ಟಾಲ್ ಮಾಡದೆ ಬಿಚ್ಚಿ ನೋಡಬಹುದು.

ವಿಜಯಪುರದ ಸಿಸ್ಟಮ್ ಅಡ್ಮಿನ್

ಬೆಳಗಾವಿಯವರ ಕೊನೆಯ ಮಾತನ್ನು ದಯವಿಟ್ಟು ಪಾಲಿಸಬೇಡಿ. ಸೋರ್ಸ್ ರೂಪದ ಕಟ್ಟನ್ನು ಬರಿದೇ ಡೌನ್‌ಲೋಡ್ ಮಾಡಲು ಹೇಳಿದರೂ, ಅದು ಬೇರೆ ಯಾವ ಪ್ಯಾಕೇಜುಗಳನ್ನು ಅವಲಂಬಿಸಿದೆ ಎಂದು ತಿಳಿಯಲು ಪಿಪ್ ಅದರ ಸೆಟಪ್ ಕಡತವನ್ನು ಓಡಿಸುವುದುಂಟು. ನೋಡಲೇಬೇಕಿದ್ದರೆ ಬ್ರೌಸರಿನಿಂದ ಕಡತವನ್ನಷ್ಟೇ ಇಳಿಸಿಕೊಳ್ಳಿ, ಅದೂ ಬಿಸಾಡಬಹುದಾದ ವರ್ಚುವಲ್ ಮಷೀನಿನಲ್ಲಿ (ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಸೃಷ್ಟಿಸುವ ಇನ್ನೊಂದು ಕಂಪ್ಯೂಟರ್). ಉಳಿದ ಸಲಹೆಗಳಿಗೆ ನನ್ನ ಒಪ್ಪಿಗೆಯಿದೆ.

ಎರಡನೇ ಪ್ರಶ್ನೆಗೆ ಬರುತ್ತೇನೆ. ಪಿಪ್ ತರಿಸಿಕೊಳ್ಳುವ ಪೈಥಾನ್ ಭಂಡಾರ ಪೈಪಿಐ ಆಗಲಿ ಎನ್‌ಪಿಎಂ ಆಗಲಿ, ಪ್ರಕಟವಾಗುವ ಮೊದಲು ಪ್ರತಿಯೊಂದು ಪ್ಯಾಕೇಜನ್ನೂ ಮನುಷ್ಯರು ಓದಿ ನೋಡುವ ಪದ್ಧತಿಯಿಲ್ಲ. ಖಾತೆ ತೆರೆದು, ಖಾಲಿ ಇರುವ ಹೆಸರನ್ನು ಹಿಡಿದರೆ ಅದು ನಿಮ್ಮದು. 2016ರಲ್ಲಿ ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯದ ಪದವಿ ವಿದ್ಯಾರ್ಥಿಯೊಬ್ಬ ತನ್ನ ಪ್ರಬಂಧಕ್ಕಾಗಿ ತಪ್ಪು ಕಾಗುಣಿತದ ಹೆಸರುಗಳಲ್ಲಿ ಹಾನಿಯಿಲ್ಲದ ಪ್ಯಾಕೇಜುಗಳನ್ನು ಹಾಕಿ ಕಾದ. 17 ಸಾವಿರಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಅವನ ಕೋಡನ್ನು ಓಡಿಸಿದವು. ಮರುವರ್ಷ ಸ್ಲೊವಾಕಿಯಾದ ರಾಷ್ಟ್ರೀಯ ಭದ್ರತಾ ಸಂಸ್ಥೆ ಪೈಪಿಐನಲ್ಲಿ ಇಂಥ ಹತ್ತು ನಕಲಿಗಳನ್ನು ಪತ್ತೆಹಚ್ಚಿತು. ಅವುಗಳಲ್ಲಿ ಒಂದು ‘ಯುಆರ್‌ಎಲ್‌ಲಿಬ್3’ ಹೆಸರಿನ ಎರಡು ‘ಎಲ್’ಗಳಲ್ಲಿ ಒಂದನ್ನು ನುಂಗಿಹಾಕಿತ್ತು.

ಭಂಡಾರದವರು ಕೈಕಟ್ಟಿ ಕೂತಿಲ್ಲ. ಪೈಪಿಐ ಅಡ್ಡಗೆರೆ, ಅಡಿಗೆರೆ, ಚುಕ್ಕಿ, ದೊಡ್ಡಕ್ಷರ, ಚಿಕ್ಕಕ್ಷರಗಳ ವ್ಯತ್ಯಾಸವನ್ನು ಒಂದೇ ಹೆಸರೆಂದು ಪರಿಗಣಿಸುತ್ತದೆ. ಎನ್‌ಪಿಎಂ ಕೂಡ 2017ರ ಆ ಪ್ರಕರಣದ ನಂತರ ಬರೀ ಚಿಹ್ನೆಯಲ್ಲಿ ಭಿನ್ನವಾದ ಹೊಸ ಹೆಸರುಗಳನ್ನು ತಡೆಯಿತು. 2024ರ ಮಾರ್ಚಿನಲ್ಲಿ ನಕಲಿಗಳ ಹಾವಳಿ ತಡೆಯಲಾಗದೆ ಪೈಪಿಐ ಕೆಲವು ಗಂಟೆಗಳ ಕಾಲ ಹೊಸ ಖಾತೆ, ಹೊಸ ಪ್ರಾಜೆಕ್ಟ್ ಎರಡನ್ನೂ ನಿಲ್ಲಿಸಿತ್ತು. ಆದರೂ ಒಂದು ಅಕ್ಷರ ಹೆಚ್ಚು ಕಡಿಮೆಯಾದ ಹೆಸರುಗಳನ್ನೆಲ್ಲ ನಿಷೇಧಿಸಿದರೆ ಪ್ರಾಮಾಣಿಕರಿಗೂ ಹೆಸರು ಉಳಿಯುವುದಿಲ್ಲ. ಕೆಲವು ನಕಲಿಗಳನ್ನು ಕಣ್ಣು ಹಿಡಿಯುವುದೇ ಇಲ್ಲ: ‘ಜೆಲ್ಲಿಫಿಶ್’ ಎಂಬ ಪ್ಯಾಕೇಜಿನ ಮೊದಲ ‘ಎಲ್’ ಇದ್ದ ಜಾಗದಲ್ಲಿ ದೊಡ್ಡಕ್ಷರದ ‘ಐ’ ಕೂರಿಸಿದ ನಕಲಿಯೊಂದು ಸುಮಾರು ಒಂದು ವರ್ಷ ಪೈಪಿಐನಲ್ಲಿದ್ದು, 2019ರ ಡಿಸೆಂಬರಿನಲ್ಲಿ ಸಿಕ್ಕಿಬಿತ್ತು. ಅದು ಕದಿಯುತ್ತಿದ್ದುದು ಎಸ್‌ಎಸ್‌ಎಚ್ ಮತ್ತು (ಗೂಢಲಿಪಿಗೂ ಡಿಜಿಟಲ್ ಸಹಿಗೂ ಬಳಸುವ) ಜಿಪಿಜಿ ಕೀಲಿಗಳನ್ನು.

ಲ್ಯಾಬಿಗೆ ನನ್ನ ಸಲಹೆ: ಇಂಟರ್ನೆಟ್ ಬಂದ್ ಮಾಡಬೇಡಿ, ಪಿಪ್‌ಗೆ ಮಾತ್ರ ದಾರಿ ಬದಲಿಸಿ. ಸೆಮಿಸ್ಟರಿಗೆ ಬೇಕಾದ ಲೈಬ್ರರಿಗಳ ವೀಲ್ ಕಡತಗಳನ್ನು ನೀವೇ ಒಮ್ಮೆ ತರಿಸಿ ಲ್ಯಾಬಿನ ಸರ್ವರಿನ ಫೋಲ್ಡರಿನಲ್ಲಿ ಇಡಿ. ‘ನೋ-ಇಂಡೆಕ್ಸ್’ ಮತ್ತು ‘ಫೈಂಡ್-ಲಿಂಕ್ಸ್’ ಆಯ್ಕೆಗಳನ್ನು ಪಿಪ್‌ನ ಕಾನ್ಫಿಗ್ ಕಡತದಲ್ಲಿ ಬರೆದರೆ ಅದು ಆ ಫೋಲ್ಡರ್ ಬಿಟ್ಟು ಹೊರಗೆ ನೋಡುವುದಿಲ್ಲ. ತಪ್ಪು ಹೆಸರು ಟೈಪ್ ಮಾಡಿದರೆ ‘ಸಿಗಲಿಲ್ಲ’ ಎಂಬ ಸಂದೇಶ ಬರುತ್ತದೆ, ಅಷ್ಟೇ. ಮೂವತ್ತು ಮಂದಿ ಒಟ್ಟಿಗೆ ಡೌನ್‌ಲೋಡ್ ಕೊಟ್ಟು ಇಡೀ ಬ್ಲಾಕಿನ ನೆಟ್ ಮಲಗುವ ಕಾಟವೂ ತಪ್ಪುತ್ತದೆ. ನಮ್ಮಲ್ಲಿ ಈ ವ್ಯವಸ್ಥೆ ಮಾಡಿದ್ದು, ನಿಜ ಹೇಳಬೇಕೆಂದರೆ, ಆ ಕಾಟಕ್ಕಾಗಿಯೇ.

ಇಳಕಲ್ಲಿನವಳು, ಈಗ ಬೆಳಗಾವಿಯಲ್ಲಿ ಕೆಲಸ

ಒಂದು ಅಂಶ ಬಿಟ್ಟುಹೋಗಿದೆ. ಎಲ್ಲವೂ ಬೆರಳಿನ ತಪ್ಪಲ್ಲ. ನಾವು ಶಾಲೆಯಲ್ಲಿ ‘ಕಲರ್’ ಪದವನ್ನು ‘ಯು’ ಸೇರಿಸಿ ಬರೆಯಲು ಕಲಿತವರು. ‘ಕಲರಾಮಾ’ ಎಂಬ ಲೈಬ್ರರಿ ಅಮೆರಿಕದ ಕಾಗುಣಿತದಲ್ಲಿ, ‘ಯು’ ಇಲ್ಲದೆ ಇದೆ. ‘ಯು’ ಸೇರಿಸಿದ ನಕಲಿಯೊಂದು 2018ರಲ್ಲಿ ಸಿಕ್ಕಿತ್ತು. ವಿಂಡೋಸ್‌ನಲ್ಲಿ ಕಾಪಿ ಮಾಡಿದ ಬಿಟ್‌ಕಾಯಿನ್ ವಿಳಾಸದ ಜಾಗದಲ್ಲಿ ಕಳ್ಳನ ವಿಳಾಸವನ್ನು ಅದು ಇಟ್ಟುಬಿಡುತ್ತಿತ್ತು. ಕಾಗುಣಿತ ಚೆನ್ನಾಗಿ ಬಲ್ಲವರೇ ಅಲ್ಲಿ ಬೀಳುತ್ತಿದ್ದರು.

ಇಂಪೋರ್ಟ್ ಮಾಡುವ ಹೆಸರೇ ಬೇರೆ, ಇನ್‌ಸ್ಟಾಲ್ ಮಾಡುವ ಹೆಸರೇ ಬೇರೆ ಇರುವುದು ಇನ್ನೊಂದು ಕಾರಣ. ಕೋಡಿನಲ್ಲಿ ‘ಸಿವಿ2’ ಎಂದಿರುತ್ತದೆ, ತರಿಸಬೇಕಾದದ್ದು ‘ಓಪನ್‌ಸಿವಿ-ಪೈಥಾನ್’. ಈಗ ಎಐ ಸಹಾಯಕಗಳೂ ಇಲ್ಲದ ಪ್ಯಾಕೇಜಿನ ಹೆಸರನ್ನು ಇದೆಯೆಂಬಂತೆ ಹೇಳುತ್ತವೆ. ಆ ಹೆಸರನ್ನು ಮೊದಲು ಹೋಗಿ ಹಿಡಿದವನಿಗೆ ಬಲೆ ಬೀಸುವ ಶ್ರಮವೂ ಇಲ್ಲ.

ನಮ್ಮೂರ ಹಿರಿಯ ನೇಕಾರರು ಸೀರೆಯ ಬಣ್ಣಕ್ಕೆ ಮರುಳಾಗದೆ, ಒಡಲಿಗೆ ಸೆರಗನ್ನು ಸೇರಿಸಿದ ಕೊಂಡಿಯನ್ನು ಮಗುಚಿ ನೋಡುತ್ತಾರೆ. ಹಾಗೆಯೇ ಪ್ಯಾಕೇಜಿನ ಪುಟದಲ್ಲಿ ಹೆಸರಿಗಿಂತ ಮೊದಲು ಪ್ರಕಟಣೆಯ ಇತಿಹಾಸ ನೋಡಿ: ಹತ್ತು ವರ್ಷ ಹಳೆಯದೆಂದು ನೀವು ಬಲ್ಲ ಲೈಬ್ರರಿಗೆ ಕಳೆದ ವಾರದ ಒಂದೇ ಆವೃತ್ತಿ ಇದ್ದರೆ ಅದು ಆ ಲೈಬ್ರರಿಯಲ್ಲ. ಗಿಟ್‌ಹಬ್ ನಕ್ಷತ್ರಗಳ, ಅಂದರೆ ಮೆಚ್ಚಿದವರ, ಎಣಿಕೆಯನ್ನು ನಂಬಬೇಡಿ; ನಕಲಿಯವನು ಅಸಲಿಯ ಕೊಂಡಿಯನ್ನೇ ತನ್ನ ಪುಟದಲ್ಲಿ ಹಾಕಿರುತ್ತಾನೆ.

ಸರ್, ಒಂದು ಕೇಳಬೇಕಿತ್ತು. ಉಳಿದ ಇಪ್ಪತ್ತೊಂಬತ್ತು ಕಂಪ್ಯೂಟರ್‌ಗಳನ್ನು ನೋಡಿದಿರಾ? ಆ ಹುಡುಗ ಹೇಳಿದ ಹಾಳೆಯನ್ನು?

ಬಾಗಲಕೋಟೆಯ ಲ್ಯಾಬ್ ಮೇಷ್ಟ್ರು

ಮೇಡಂ, ನಿಮ್ಮ ಪ್ರಶ್ನೆ ಓದಿದ ಮೇಲೆ ನೋಡಿದೆ. ಪಿಪ್ ಲಿಸ್ಟ್ ಕೊಟ್ಟಾಗ ಇನ್ನೂ ನಾಲ್ಕು ಕಂಪ್ಯೂಟರ್‌ಗಳಲ್ಲಿ ಅದೇ ಹೆಸರು ಸಿಕ್ಕಿತು. ಐದನ್ನೂ ನೆಟ್‌ವರ್ಕಿನಿಂದ ತೆಗೆದು ಫಾರ್ಮ್ಯಾಟ್‌ಗೆ ಕೊಟ್ಟಿದ್ದೇನೆ, ಪಾಸ್‌ವರ್ಡ್‌ಗಳನ್ನು ಮನೆಯ ಲ್ಯಾಪ್‌ಟಾಪಿನಿಂದ ಬದಲಾಯಿಸಿದ್ದೇನೆ, ಪೈಪಿಐನ ಆ ಪುಟದಲ್ಲಿ ದೂರನ್ನೂ ಕೊಟ್ಟಿದ್ದೇನೆ. ವಿಜಯಪುರದವರು ಹೇಳಿದ ಫೋಲ್ಡರಿನ ವ್ಯವಸ್ಥೆ ಸೋಮವಾರ ಆಗುತ್ತದೆ.

ಹಾಳೆಯ ವಿಷಯ: ಮೂರನೇ ಪ್ರಯೋಗದ ಎರಡನೇ ಸಾಲಿನಲ್ಲಿ ಆ ಹೆಚ್ಚಿನ ಅಕ್ಷರ ಇದೆ. ಜುಲೈನಲ್ಲಿ ಅದನ್ನು ಟೈಪ್ ಮಾಡಿ ಅರವತ್ತು ಪ್ರತಿ ಝೆರಾಕ್ಸ್‌ಗೆ ಕೊಟ್ಟವನು ನಾನೇ. ನಾಳೆ ಬೆಳಿಗ್ಗೆ ಪ್ರತಿಗಳನ್ನೆಲ್ಲ ವಾಪಸ್ ತರಿಸುತ್ತೇನೆ. ಆ ಹುಡುಗನನ್ನೂ ಕರೆದು ಮಾತನಾಡಬೇಕಿದೆ.