ಫ್ರಾನ್ಸಿನ ಶಾತೊಗಳು: ಕಡಿಮೆ ಖರ್ಚಲ್ಲಿ ನೋಡೋದು ಹೇಗೆ?

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಐದು ದಿನ ಇರ್ತೀವಿ. ನಾವಿಬ್ಬರು, 8 ಮತ್ತು 14 ವರ್ಷದ ಮಕ್ಕಳು. ಕಾರಿಲ್ಲ, ಭಾರತದ ಪಾಸ್‌ಪೋರ್ಟ್. ಎರಡು-ಮೂರು ಶಾತೊ (ಹಳೇ ಕಾಲದ ಅರಮನೆ, ಕೋಟೆಮನೆ) ನೋಡುವಾಸೆ, ಆದ್ರೆ ಕೈ ಸುಡಬಾರದು. ಗೊತ್ತಿದ್ದವರು ತಿಳಿಸಿ.

— ಮೇಡಂ, ಮೊದಲು ಶಾತೊ ಯಾರ ಕೈಯಲ್ಲಿದೆ ನೋಡಿ. ವರ್ಸಾಯ್, ಶಾಂಬೋರ್, ಫೊಂತೆನ್‌ಬ್ಲೋ ಸರ್ಕಾರದವು. 18 ತುಂಬದ ಮಕ್ಕಳು ಯಾವ ದೇಶದವರಾದರೂ ಟಿಕೆಟ್ ಇಲ್ಲ. ಆದರೆ 2026ರ ಜನವರಿಯಿಂದ ವರ್ಸಾಯ್, ಶಾಂಬೋರ್‌ನಲ್ಲಿ ಯುರೋಪಿನ ಹೊರಗಿನ ದೊಡ್ಡವರಿಗೆ ದರ ಜಾಸ್ತಿ. ಶೆನೊನ್ಸೊ, ವಿಲಾಂದ್ರಿ ಖಾಸಗಿಯವು. ಅಲ್ಲಿ ಪಾಸ್‌ಪೋರ್ಟ್ ನೋಡಿ ದರ ಹೇಳಲ್ಲ, ಆದರೆ ನಿಮ್ಮ ಇಬ್ಬರು ಮಕ್ಕಳಿಗೂ ದುಡ್ಡು ಕೊಡಬೇಕು. ನಾಲ್ಕೂ ಜನದ್ದು ಕೂಡಿಸಿ ನೋಡಿ, ಆಮೇಲೆ ಆರಿಸಿ. ಉಚಿತ ಅಂತ ಮಕ್ಕಳನ್ನು ವರ್ಸಾಯ್‌ಗೆ ಹಾಗೇ ಕರ್ಕೊಂಡು ಹೋಗ್ಬೇಡಿ, ಅವರಿಗೂ ಟೈಮ್ ಸ್ಲಾಟ್ ಬುಕ್ ಆಗಿರಬೇಕು.

— ವರ್ಸಾಯ್ ಸೋಮವಾರ ರಜೆ. ಪ್ಯಾರಿಸ್‌ನಿಂದ ಆರ್‌ಇಆರ್ ಸಿ (ಉಪನಗರ ರೈಲಿನ ಒಂದು ಲೈನ್) ಹತ್ತುವಾಗ ಬೋರ್ಡಿನಲ್ಲಿ ‘ವರ್ಸಾಯ್ ಶಾತೊ ರೀವ್ ಗೋಶ್’ ಅಂತಲೇ ಇರಬೇಕು. ಅದೇ ಲೈನಿನ ಇನ್ನೊಂದು ಕವಲು ವರ್ಸಾಯ್ ಶಾಂತಿಯೆಗೆ ಹೋಗುತ್ತೆ, ಅಲ್ಲಿಂದ ನಡಿಗೆ ಜಾಸ್ತಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಕಾರಂಜಿ, ಸಂಗೀತ ಇರುವ ದಿನ ಉದ್ಯಾನಕ್ಕೂ ಟಿಕೆಟ್. ದೊಡ್ಡ ಕಾಲುವೆಯ ಸುತ್ತಲಿನ ಪಾರ್ಕ್ ಮಾತ್ರ ಉಚಿತ. ಅದಕ್ಕೆ ಬುಲ್ವಾರ್ ದ ಲಾ ರೆನ್ ಕೊನೆಯಲ್ಲಿರುವ ರಾಣಿ ಗೇಟಿನಿಂದ ಹೋಗಿ. ಉದ್ಯಾನದೊಳಗೆ ಬುತ್ತಿ ಬಿಚ್ಚೋ ಹಾಗಿಲ್ಲ. ಈ ಗೇಟಿನ ಒಳಗಿನ ಸೇಂತ್ ಆಂತ್ವಾನ್ ಬಯಲಿನಲ್ಲಿ ಕೂತು ಚಪಾತಿ-ಚಟ್ನಿಪುಡಿ ತಿನ್ನಬಹುದು.

— ಬಜೆಟ್ಟೇ ಮುಖ್ಯ ಅಂದ್ರೆ ನನ್ನ ಓಟು ಫೊಂತೆನ್‌ಬ್ಲೋಗೆ. ಮಂಗಳವಾರ ಬಿಟ್ಟು ಹೋಗಿ. ಪ್ಯಾರಿಸ್‌ನ ಗಾರ್ ದ ಲಿಯೋನ್ ಸ್ಟೇಷನ್ನಿಂದ ಆರ್ ಲೈನ್ ರೈಲು, ಸುಮಾರು 40 ನಿಮಿಷ. ಉದ್ಯಾನ, ಪಾರ್ಕ್ ಎರಡೂ ಉಚಿತ. 2025ರಿಂದ ಪ್ಯಾರಿಸ್ ಪ್ರಾಂತ್ಯದಲ್ಲಿ (ವಿಮಾನ ನಿಲ್ದಾಣ ಬಿಟ್ಟು) ರೈಲಿಗೆ ಎಷ್ಟು ದೂರಕ್ಕೂ ಒಂದೇ ದರ, 2.50 ಯೂರೊ ಆಸುಪಾಸು. ಸ್ಟೇಷನ್ನಿಂದ ಶಾತೊಗೆ ಬಸ್ ಹಿಡಿದರೆ ಈ ಟಿಕೆಟ್ ನಡೆಯಲ್ಲ, ಬೇರೆಯದೇ ಬೇಕು. ಟಿಕೆಟ್ ತುಂಬಿಸಿಕೊಳ್ಳೋ ನಾವಿಗೊ ಈಸಿ ಕಾರ್ಡ್ ತಲೆಗೊಂದು ಇರಲಿ. ಒಂದೇ ಕಾರ್ಡಲ್ಲಿ ನಾಲ್ಕು ಜನ ಹೋದರೆ ತಪಾಸಣೆಯಲ್ಲಿ ದಂಡ ಬೀಳುತ್ತೆ. ಶಾಂತಿಯಿ ಶಾತೊ ಹತ್ತಿರವೇ ಇದೆ ಅಂತ ಇದೇ ಟಿಕೆಟಲ್ಲಿ ಹತ್ತಬೇಡಿ. ಅದು ಪ್ರಾಂತ್ಯದ ಗಡಿಯಾಚೆ, ಗಾರ್ ದು ನೋರ್ ಸ್ಟೇಷನ್ನಲ್ಲಿ ಪ್ರತ್ಯೇಕ ಟಿಕೆಟ್ ತಗೋಬೇಕು.

— ಲ್ವಾರ್ ಕಣಿವೆಗೆ ಒಂದು ದಿನ ಇಟ್ಟಿದ್ದರೆ ಕಾರಿಲ್ಲದವರಿಗೆ ಶೆನೊನ್ಸೊ ಸಲೀಸು. ಪ್ಯಾರಿಸ್‌ನ ಮೋಂಪಾರ್ನಾಸ್ ಸ್ಟೇಷನ್ನಿಂದ ಟಿಜಿವಿ (ಅತಿವೇಗದ ರೈಲು), ಸೇಂ ಪಿಯೇರ್ ದೆ ಕೋರ್‌ನಲ್ಲಿ ಇಳಿದು ಲೋಕಲ್ ರೈಲು. ಸ್ಟೇಷನ್ ಶಾತೊ ಗೇಟಿನ ಪಕ್ಕದಲ್ಲೇ. ಊರಿನ ಹೆಸರಿನ ಕೊನೆಗೆ ‘ಎಕ್ಸ್’ ಅಕ್ಷರ ಇದೆ, ಶಾತೊ ಹೆಸರಿಗಿಲ್ಲ. ಆ್ಯಪ್‌ನಲ್ಲಿ ಸ್ಟೇಷನ್ ಹುಡುಕುವಾಗ ಅದು ಸೇರಿಸಿ. ಲೋಕಲ್ ರೈಲು ಕಡಿಮೆ, ಅದಕ್ಕೇ ವಾಪಸ್ ರೈಲಿನ ಸಮಯ ನೋಡಿಕೊಂಡು ಟಿಜಿವಿ ಬುಕ್ ಮಾಡಿ. ಟಿಜಿವಿ ದರ ದಿನ ಹತ್ತಿರವಾದಷ್ಟೂ ಏರುತ್ತೆ. ಶೆರ್ ನದಿಯ ಮೇಲೆ ಸೇತುವೆ ಥರ ಚಾಚಿರುವ 60 ಮೀಟರ್ ಗ್ಯಾಲರಿ, ಕಪ್ಪು-ಬಿಳಿ ಚೌಕದ ನೆಲ, ಎರಡೂ ಬದಿ ಕಿಟಕಿಯಾಚೆ ನೀರು. ಕೊಟ್ಟ ದುಡ್ಡು ಅಲ್ಲೇ ವಸೂಲಿ.

— ಮಕ್ಕಳಿದ್ದಾರೆ, ನಾನಾದ್ರೆ ಶಾಂಬೋರ್ ಅಂತೀನಿ. 1519ರಲ್ಲಿ ರಾಜ ಮೊದಲನೇ ಫ್ರಾನ್ಸ್ವಾ ಶುರು ಮಾಡಿಸಿದ್ದು. ಒಂದಕ್ಕೊಂದು ಹೆಣೆದ ಎರಡು ಸುರುಳಿಯ ಮೆಟ್ಟಿಲು: ಒಂದರಲ್ಲಿ ದೊಡ್ಡವರು, ಇನ್ನೊಂದರಲ್ಲಿ ಮಕ್ಕಳು ಹತ್ತಲಿ. ನಡುವಿನ ಕಿಂಡಿಯಲ್ಲಿ ಮುಖ ಕಾಣುತ್ತೆ, ದಾರಿ ಮಾತ್ರ ಕೂಡಲ್ಲ. ಮಕ್ಕಳ ಟಿಕೆಟ್ ಉಳಿತಾಯ. ತೊಡಕು ಅಂದ್ರೆ ಬಸ್ಸು. ಹತ್ತಿರದ ಬ್ಲುವಾ ಊರಿನ ಸ್ಟೇಷನ್ನಿಂದ ಬಸ್ಸುಗಳು ಬೆರಳೆಣಿಕೆಯಷ್ಟು, ಕೊನೇದು ತಪ್ಪಿದರೆ ಸುಮಾರು 16 ಕಿ.ಮೀ. ಟ್ಯಾಕ್ಸಿ. ದೊಡ್ಡವರ ದರ ಭಾರ ಅನಿಸಿದರೆ ಕಾಲುವೆಯ ಆಚೆ ದಡದಿಂದ ಪೂರ್ತಿ ಕಟ್ಟಡ ಪುಕ್ಕಟೆ ಕಾಣುತ್ತೆ.

— ಸೆಪ್ಟೆಂಬರ್ ಅಂದ್ರಲ್ಲ, ಮೂರನೇ ಶನಿವಾರ-ಭಾನುವಾರ ಪರಂಪರೆ ದಿನಗಳು. ಹಲವೆಡೆ ಉಚಿತ ಇಲ್ಲವೇ ರಿಯಾಯಿತಿ, ಮಾಮೂಲಿಗೆ ಬೀಗ ಹಾಕಿರೋ ಕೋಣೆಗಳೂ ತೆರೀತಾವೆ. ಜನಜಾತ್ರೆ ಇರುತ್ತೆ, ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ.